ಉಪ್ಪುಗಾಳಿ ತಿಂದ ಕ್ಯಾಸೆಟ್

“ಅಟ್ಟ ಕ್ಲೀನ್ ಮಾಡುವಾಗ ಒಂದು ಹಳೇ ವಿಡಿಯೋ ಗೇಮ್ ಸಿಕ್ಕಿತು ಮಾರಾಯ್ರೆ. ಗನ್ ಸಮೇತ ಉಂಟು. ಅದಕ್ಕೆ ಈಗ ಎಷ್ಟು ಸಿಗಬಹುದು?”

ತಿಂಗಳಿಗೊಮ್ಮೆಯಾದರೂ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ಮಂಗಳೂರಿನ ಬಂದರ್‌ನ ಗುಜರಿ ಅಂಗಡಿಯೊಂದರಿಂದ ನಾನು ಒಂದು ಕ್ಯಾಸೆಟ್ ತಂದ ಸುದ್ದಿಯನ್ನು ಹಿಂದೊಮ್ಮೆ ಇದೇ ಅಂಕಣದಲ್ಲಿ ನಾಲ್ಕು ಸಾಲು ಬರೆದದ್ದೇ ತಪ್ಪಾಯಿತು. ಆಮೇಲೆ ಮದುವೆ ಊಟದ ಪಂಕ್ತಿಯಲ್ಲಿ, ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ, ಒಮ್ಮೆಯಂತೂ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಿದ್ದಾಗಲೂ ಅದೇ ಪ್ರಶ್ನೆ. ಬಾಯಲ್ಲಿ ಹತ್ತಿ ಇದ್ದದ್ದರಿಂದ ಅವತ್ತು ಉತ್ತರ ಕೊಡುವ ಕಷ್ಟ ತಪ್ಪಿತು.

ಎಲ್ಲರ ತಲೆಯಲ್ಲೂ ಇರುವುದು 2021ರ ಸುದ್ದಿ. ಆ ವರ್ಷದ ಜುಲೈಯಲ್ಲಿ ಅಮೆರಿಕದ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ ‘ಸೂಪರ್ ಮಾರಿಯೋ 64’ ಆಟದ ಒಂದು ಪ್ರತಿ 15.6 ಲಕ್ಷ ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ 11 ಕೋಟಿ ರೂಪಾಯಿಗೂ ಮೇಲೆ. ಮರು ತಿಂಗಳೇ ಇನ್ನೊಂದು ಕಡೆ ‘ಸೂಪರ್ ಮಾರಿಯೋ ಬ್ರದರ್ಸ್’ನ ಹಳೆಯ ಪ್ರತಿಯೊಂದು 20 ಲಕ್ಷ ಡಾಲರಿಗೆ ಮಾರಾಟವಾಯಿತು. ಇದನ್ನು ಓದಿದವರು ಅಟ್ಟದ ಕಡೆ ನೋಡದೆ ಇರುತ್ತಾರೆಯೇ? ಆದರೆ ಆ ಎರಡೂ ಪ್ರತಿಗಳು ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚದೆ ಉಳಿದವು, ಒಂದು ದಿನವೂ ಯಾರೂ ಆಡದವು. ನಮ್ಮ ಮನೆಯ ಕ್ಯಾಸೆಟ್ಟಿನ ಡಬ್ಬಿ ಬಂದ ದಿನವೇ ಕಸಕ್ಕೆ ಹೋಗಿದೆ. ಸ್ಟಿಕ್ಕರನ್ನು ತಮ್ಮ ಉಗುರಿನಲ್ಲಿ ಕೆರೆದಿದ್ದಾನೆ, ಹಿಂದೆ ಬಾಲ್‌ಪೆನ್ನಿನಲ್ಲಿ ಹೆಸರು ಬರೆದಿದೆ. ಜತೆಗೆ ಅದು ನಕಲಿ. ಹಾಗಾಗಿ ಬೆಲೆ ಕೇಳಿದವರಿಗೆ ನನ್ನ ಉತ್ತರ ಸರಳ: ಏನೂ ಸಿಗುವುದಿಲ್ಲ. ಗುಜರಿಯಲ್ಲಿ ಪ್ಲಾಸ್ಟಿಕ್ಕಿನ ತೂಕಕ್ಕೆ ಹೋಗುತ್ತದೆ.

ಆದರೂ ಕೊಡಬೇಡಿ ಎಂದು ನಾನು ಹೇಳುತ್ತೇನೆ. ಯಾಕೆ ಎನ್ನುವುದಕ್ಕೆ ಈ ವಾರದ ಜಾಗವನ್ನು ಪೂರ್ತಿ ಬಳಸಿಕೊಳ್ಳುತ್ತಿದ್ದೇನೆ.

ನಮ್ಮೂರಿಗೆ ಈ ಯಂತ್ರ ಬಂದ ದಾರಿಯಿಂದಲೇ ಶುರು ಮಾಡೋಣ. ನಾನು ಬೆಳೆದದ್ದು ಬಂದರ್‌ನ ಒಂದು ಓಣಿಯಲ್ಲಿ. ಅಪ್ಪ ದಿನಸಿ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಒಂದು ಬದಿಗೆ ಒಣಮೀನಿನ ವಾಸನೆ, ಇನ್ನೊಂದು ಬದಿಗೆ ಒಣಮೆಣಸಿನ ಘಾಟು. ಧಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ ಸಿಮೆಂಟು, ತರಕಾರಿ ತುಂಬುತ್ತಿರುವಾಗ ಶಾಲೆ ಬಿಟ್ಟ ನಾವು ಮಕ್ಕಳು ನೋಡುತ್ತಾ ನಿಲ್ಲುವುದು. ಓಣಿಯಲ್ಲಿ ಮನೆ ಬಿಟ್ಟು ಮನೆಗೆ ಒಬ್ಬರಾದರೂ ಗಲ್ಫ್‌ನಲ್ಲಿ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೂ ಮೊದಲು ರಜೆಗೆ ಬರುವವರು ಬೊಂಬಾಯಿಯಲ್ಲಿ ಇಳಿದು, ಕಸ್ಟಮ್ಸ್‌ನವರ ಕಣ್ಣು ದಾಟಿ, ಬಸ್ಸಿನ ಮೇಲೆ ಹಗ್ಗ ಬಿಗಿದ ಪೆಟ್ಟಿಗೆಗಳ ಜತೆ ಒಂದು ರಾತ್ರಿ ಒಂದು ಹಗಲು ಕಳೆದು ಊರು ಸೇರಬೇಕಿತ್ತು. ಕೊಂಕಣ ರೈಲು ಪೂರ್ತಿ ಓಡಿದ್ದೂ 1998ರಲ್ಲಿ.

ಪಕ್ಕದ ಮನೆಯ ಅಣ್ಣ ದುಬೈಯಿಂದ ಬಂದ ಒಂದು ಬೇಸಗೆ ನನಗಿನ್ನೂ ನೆನಪಿದೆ. ಪೆಟ್ಟಿಗೆ ಬಿಚ್ಚುವಾಗ ಓಣಿಯೆಲ್ಲ ಬಾಗಿಲಲ್ಲಿ. ಟ್ಯಾಂಗ್ ಡಬ್ಬಿ, ಟೈಗರ್ ಬಾಮ್, ಅತ್ತರಿನ ಬಾಟಲಿ, ಕಂಬಳಿ. ಕಂಬಳಿಯ ಮಡಿಕೆಯೊಳಗೆ ಪೆಟ್ಟು ತಾಗದ ಹಾಗೆ ಇಟ್ಟಿದ್ದ ಕೆಂಪು ಬಿಳಿ ಬಣ್ಣದ ಒಂದು ಡಬ್ಬ, ಅದಕ್ಕೆ ವೈರಿನಲ್ಲಿ ನೇತುಬಿದ್ದ ಎರಡು ಕಂಟ್ರೋಲರುಗಳು, ಒಂದು ಬಂದೂಕು, ಹಳದಿ ಬಣ್ಣದ ಒಂದು ಕ್ಯಾಸೆಟ್. ಅಡಾಪ್ಟರಿನ ಪ್ಲಗ್ ಚೌಕ ಕಾಲಿನದು, ನಮ್ಮ ಗೋಡೆಗೆ ಕೂರದು. ಗಲ್ಫ್ ಮನೆಗಳಲ್ಲಿ ಅದಕ್ಕೆಂದೇ ಕನ್ವರ್ಟರ್ ಪಿನ್ನುಗಳ ಒಂದು ಡಬ್ಬಿ ಯಾವಾಗಲೂ ಇರುತ್ತಿತ್ತು. ಪಿನ್ನು ಸಿಕ್ಕಿಸಿ, ಆಂಟೆನಾ ವೈರು ಕಿತ್ತು ಇದರ ವೈರು ಹಾಕಿ, ಟಿವಿಯ ಗುಂಡಿ ತಿರುಗಿಸಿ ತಿರುಗಿಸಿ, ಮಂಜಿನ ನಡುವೆ ಒಮ್ಮೆಲೇ ನೀಲಿ ಆಕಾಶ ಕಾಣಿಸಿಕೊಂಡಿತು. ಅಲ್ಲಿ ಒಬ್ಬ ಮೀಸೆಯವನು ನಿಂತಿದ್ದ. ಅವನ ಹೆಸರು ಮಾರಿಯೋ ಎಂದು ನಮಗೆ ಗೊತ್ತಾದದ್ದು ಎಷ್ಟೋ ವಾರದ ಮೇಲೆ.

ದುಬೈಯ ಯಂತ್ರ ನಮ್ಮ ಟಿವಿಯಲ್ಲಿ ತಕರಾರಿಲ್ಲದೆ ಓಡಿದ್ದು ಯಾಕೆ ಎಂದು ಆಗ ಯಾರೂ ಯೋಚಿಸಲಿಲ್ಲ. ಅಲ್ಲಿಯದೂ ಇಲ್ಲಿಯದೂ ಟಿವಿ ಪದ್ಧತಿ ಒಂದೇ, ಪಾಲ್. ಕರೆಂಟಿನ ವೋಲ್ಟೇಜೂ ಹೆಚ್ಚುಕಡಿಮೆ ಒಂದೇ. ಅಮೆರಿಕ, ಜಪಾನುಗಳ ಪದ್ಧತಿ ಬೇರೆ. ನನ್ನ ಬಂಧುವೊಬ್ಬರು ನ್ಯೂಜೆರ್ಸಿಯಿಂದ ಪ್ರೀತಿಯಿಂದ ತಂದುಕೊಟ್ಟ ಅಸಲಿ ನಿಂಟೆಂಡೊ ಇಲ್ಲಿ ಬರೀ ಕಾಗದ ಹಾರದಂತೆ ಇಡುವ ಕಲ್ಲಾಗಿ ಕೂತಿದೆ. ಅದರ ಅಡಾಪ್ಟರ್ 120 ವೋಲ್ಟಿನದು, ಚಿತ್ರ ನಮ್ಮ ಹಳೇ ಟಿವಿಗೆ ಹಿಡಿಸದು, ಕ್ಯಾಸೆಟ್ಟಿನ ಪಿನ್ನು 72. ನಮ್ಮ ಓಣಿಯ ಯಂತ್ರಗಳದ್ದು 60. ಅದು ಇದಕ್ಕೆ ಕೂರುವುದಿಲ್ಲ, ಇದು ಅದಕ್ಕೆ ಕೂರುವುದಿಲ್ಲ.

60 ಪಿನ್ನಿನ ಮೂಲ ಜಪಾನಿನಲ್ಲಿದೆ. 1983ರ ಜುಲೈ 15ರಂದು ನಿಂಟೆಂಡೊ ಅಲ್ಲಿ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಆಟದ ಯಂತ್ರವನ್ನು 14,800 ಯೆನ್‌ಗೆ ಮಾರಾಟಕ್ಕೆ ಬಿಟ್ಟಿತು. ಅದನ್ನು ರೂಪಿಸಿದ ಎಂಜಿನಿಯರ್ ಮಸಾಯುಕಿ ಉಎಮುರ. ಜನ ಅದನ್ನು ಫ್ಯಾಮಿಕಾಮ್ ಎಂದು ಕರೆದರು. 1985ರಲ್ಲಿ ಅದೇ ಯಂತ್ರ ಬೂದು ಬಣ್ಣದ ಬೇರೆ ಅಂಗಿ ತೊಟ್ಟು ಅಮೆರಿಕಕ್ಕೆ ಹೋಯಿತು. ಎರಡೂ ಸೇರಿ ಲೋಕದಲ್ಲಿ ಮಾರಾಟವಾದದ್ದು ಸುಮಾರು 6.19 ಕೋಟಿ. ಈ ಲೆಕ್ಕದಲ್ಲಿ ನಮ್ಮ ಓಣಿಯ ಯಂತ್ರ ಇಲ್ಲ. ತೈವಾನಿನ ಯುಎಂಸಿ ಕಂಪನಿ ಫ್ಯಾಮಿಕಾಮ್‌ನ ಎರಡು ಮುಖ್ಯ ಚಿಪ್ಪುಗಳಿಗೆ ಸರಿಹೊಂದುವ ಚಿಪ್ಪುಗಳನ್ನು ತಯಾರಿಸಿತು. ಅವು ಸಿಕ್ಕಿದ ಮೇಲೆ ಯಾರು ಬೇಕಾದರೂ ಡಬ್ಬ ಕಟ್ಟಬಹುದಾಯಿತು. ಗಲ್ಫ್‌ನಲ್ಲಿ ‘ಮೈಕ್ರೋ ಜೀನಿಯಸ್’, ರಷ್ಯಾದಲ್ಲಿ ‘ಡೆಂಡಿ’, ನಮ್ಮ ದೇಶದ ಅಂಗಡಿಗಳಲ್ಲಿ ‘ಮೀಡಿಯಾ’, ‘ಸಮುರಾಯ್’, ‘ಲಿಟ್ಲ್ ಮಾಸ್ಟರ್’. ಅಸಲಿಯಾಗಿ, ದೊಡ್ಡ ಕಂಪನಿಯ ಕೈಯಲ್ಲಿ ಬಂದದ್ದು ಎಂದರೆ ಸೇಗಾ. 1995ರಲ್ಲಿ ಶಾ ವಾಲೇಸ್ ಕಂಪನಿ ಅವರ ಮೆಗಾ ಡ್ರೈವ್ ಯಂತ್ರವನ್ನು ಇಲ್ಲಿ ಮಾರಿತು. ಬೆಲೆ 18,000 ರೂಪಾಯಿ. ಆಗ ಅಪ್ಪನ ಸಂಬಳ ಎಷ್ಟು ತಿಂಗಳದ್ದು ಕೂಡಿದರೆ ಅಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿದರೆ ಈಗಲೂ ಬೇಸರವಾಗುತ್ತದೆ.

ಹಾಗಾಗಿ ಸಂಗ್ರಹಕಾರರಲ್ಲಿ ನಡೆಯುವ ಅಸಲಿ ನಕಲಿ ಚರ್ಚೆಗೆ ನಮ್ಮ ಊರಿನಲ್ಲಿ ಅರ್ಥ ಬೇರೆ. ಜಪಾನಿನ ಮಗುವಿಗೆ ಅಸಲಿ ಯಾವುದೋ ಅದು ನಮ್ಮ ಮನೆಗೆ ಬರಲೇ ಇಲ್ಲ. ನಮ್ಮ ಬಾಲ್ಯಕ್ಕೆ ನಕಲಿಯೇ ಅಸಲಿ. ನಾಳೆ ಯಾರಾದರೂ ಕರಾವಳಿಯ ಮಕ್ಕಳು 90ರ ದಶಕದಲ್ಲಿ ಏನು ಆಡಿದರು ಎಂದು ತಿಳಿಯಬೇಕೆಂದರೆ ಜಪಾನಿನ ಡಬ್ಬ ತೋರಿಸಿ ಪ್ರಯೋಜನವಿಲ್ಲ. ಹೆಸರು ಅರ್ಧ ಅಳಿಸಿದ, ಸ್ಕ್ರೂ ಒಂದು ಕಳೆದುಹೋದ ದುಬೈ ಡಬ್ಬವನ್ನೇ ತೋರಿಸಬೇಕು. ನನ್ನ ಸಂಗ್ರಹದಲ್ಲಿ ಈಗ ನಾಲ್ಕು ಯಂತ್ರ, ಐವತ್ತು ಚಿಲ್ಲರೆ ಕ್ಯಾಸೆಟ್ ಇವೆ. ಅಸಲಿ ಎನ್ನಬಹುದಾದವು ಮೂರೇ ಮೂರು. ಒಮ್ಮೆ ನಾಲ್ಕನೆಯದನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ‘ಒರಿಜಿನಲ್ ಜಪಾನ್’ ಎಂದು 3,500 ರೂಪಾಯಿ ತೆಗೆದುಕೊಂಡರು. ಬಿಚ್ಚಿ ನೋಡಿದರೆ ಒಳಗೆ ಹಲಗೆಯ ಮೇಲೆ ಕಪ್ಪು ಡಾಂಬರಿನ ಹನಿಯಂಥ ಒಂದು ಗುಬುಟು. ಕಾಲುಗಳಿರುವ ಚಿಪ್ಪು ಕೂರಿಸುವ ಖರ್ಚು ಉಳಿಸಲು ಬರಿಯ ಸಿಲಿಕಾನ್ ತುಣುಕನ್ನು ಹಲಗೆಗೇ ಅಂಟಿಸಿ ಮೇಲಿನಿಂದ ರಾಳ ಸುರಿದರೆ ಹಾಗಾಗುತ್ತದೆ. ಆ ಕಾಲದ ಹೆಚ್ಚಿನ ನಿಂಟೆಂಡೊ ಕ್ಯಾಸೆಟ್ಟುಗಳಲ್ಲಿ ಈ ಗುಬುಟು ಇರುವುದಿಲ್ಲ. ಬೇಸರವಾದದ್ದು ನಕಲಿ ಎಂದಲ್ಲ, ಅಂಥದ್ದೇ ಗುಬುಟನ್ನು ಬಂದರ್‌ನಲ್ಲಿ ಐವತ್ತು ರೂಪಾಯಿಗೆ ತರಬಹುದಿತ್ತಲ್ಲ ಎಂದು.

ಆ ನಕಲಿಗಳಲ್ಲಿ ಒಂದು ಸೊಗಸಿನ ಸಂಗತಿ ಉಂಟು. ಜಪಾನು, ಅಮೆರಿಕಗಳ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬರೆದರೆ ನಮ್ಮದು 50 ಸಲ. ಫ್ಯಾಮಿಕಾಮ್‌ನ ಆಟಗಳು ಕಾಲವನ್ನು ಅಳೆಯುವುದೇ ಈ ಚಿತ್ರಗಳನ್ನು ಎಣಿಸಿ. ಹಾಗಾಗಿ ಪಾಲ್ ಟಿವಿಗೆಂದು ಕಟ್ಟಿದ ನಕಲು ಯಂತ್ರದಲ್ಲಿ ಆಟ ಆರರಲ್ಲಿ ಒಂದು ಪಾಲು ನಿಧಾನ. ಮಾರಿಯೋ ಆಟದ ಮೇಲ್ಗಡೆ 400ರಿಂದ ಇಳಿಯುವ ಗಡಿಯಾರ ನೆನಪಿದೆಯೇ? ಅದು ಸೆಕೆಂಡು ಎಂದು ನಾವು ನಂಬಿದ್ದೆವು. ಜಪಾನಿನಲ್ಲಿ ಆ 400 ಮುಗಿಯಲು ಬೇಕಾಗುವುದು ಸುಮಾರು 160 ಸೆಕೆಂಡು, ನಮ್ಮ ಓಣಿಯಲ್ಲಿ ಸುಮಾರು 190. ವರ್ಷಗಳ ಮೇಲೆ ಕಂಪ್ಯೂಟರಿನಲ್ಲಿ ಮೊದಲ ಸಲ ಅಮೆರಿಕದ ಪ್ರತಿ ಆಡಿದಾಗ ಮಾರಿಯೋಗೆ ಹುಚ್ಚುನಾಯಿ ಕಡಿದಿದೆಯೇ ಅನಿಸಿತು. ಹಾಡೂ ಅವಸರದ್ದು. ನನಗೆ ವಯಸ್ಸಾಗಿ ಕೈ ನಿಧಾನವಾಗಿದೆ ಎಂದುಕೊಂಡು ಸ್ವಲ್ಪ ದಿನ ದುಃಖಪಟ್ಟೆ. ಕಾರಣ ತಿಳಿದ ಮೇಲೆ ಸಮಾಧಾನವಾಯಿತು: ನಾವು ಕಲಿತ ಮಾರಿಯೋನೇ ನಿಧಾನದವನು.

ಇನ್ನೊಂದು ಸೊಗಸು ‘99,99,999 ಇನ್ 1’ ಎಂಬ ಕ್ಯಾಸೆಟ್. ಅಂಗಡಿಯವರು ಕೋಟಿಗೆ ಒಂದು ಕಮ್ಮಿ ಆಟ ಎಂದು ಹೇಳಿ ಮಾರುತ್ತಿದ್ದರು. ಒಂದೊಂದನ್ನು ಒಂದೊಂದು ನಿಮಿಷ ಆಡಿದರೂ ಊಟ ನಿದ್ದೆ ಬಿಟ್ಟು 19 ವರ್ಷ ಬೇಕು. ಒಳಗೆ ಇದ್ದದ್ದು ಐದೋ ಆರೋ. ಅದೇ ಟ್ಯಾಂಕಿನ ಆಟ, ಎರಡನೆಯ ಹಂತದಿಂದ ಶುರುವಾದರೆ ಇನ್ನೊಂದು ಹೆಸರು, ಮೂರನೆಯ ಹಂತದಿಂದ ಶುರುವಾದರೆ ಮತ್ತೊಂದು ಹೆಸರು. ಮೋಸ ಎನ್ನಬಹುದು. ಆದರೆ ಆ ಪಟ್ಟಿಯಲ್ಲಿ 73ನೇ ಸಂಖ್ಯೆಯಲ್ಲೋ 412ರಲ್ಲೋ ಹೊಸದೊಂದು ಅಡಗಿರಬಹುದು ಎಂದು ಹುಡುಕುತ್ತಾ ನಾವು ಕಳೆದ ಮಧ್ಯಾಹ್ನಗಳಿಗೆ ಯಾರು ಬೆಲೆ ಕಟ್ಟುತ್ತಾರೆ? ನಮ್ಮಲ್ಲಿ ಒಬ್ಬನಂತೂ ಸಿಕ್ಕಿತು ಎಂದು ಆಣೆ ಹಾಕುತ್ತಿದ್ದ, ಸಂಖ್ಯೆ ಮಾತ್ರ ಹೇಳುತ್ತಿರಲಿಲ್ಲ.

ಅಷ್ಟು ಚಿಕ್ಕ ಜಾಗದಲ್ಲಿ ಆಟ ಹಿಡಿಸಿದ ಜಾಣ್ಮೆಯನ್ನೂ ಹೇಳಬೇಕು. 1985ರ ಮಾರಿಯೋ ಆಟ ಪೂರ್ತಿ ಸೇರಿ 40 ಕಿಲೋಬೈಟ್. ಇವತ್ತು ಬೆಳಿಗ್ಗೆ ನಿಮ್ಮ ಮೊಬೈಲಿಗೆ ಬಂದ ಶುಭೋದಯದ ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ. ಜಾಗ ಉಳಿಸಲು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಮುಂದಿನ ಸಲ ಆಡುವಾಗ ನೋಡಿ. ಒಮ್ಮೆ ಕಂಡರೆ ಆಮೇಲೆ ಬೇರೆಯಾಗಿ ಕಾಣುವುದೇ ಇಲ್ಲ.

ಈಗ ಗಾಳಿಯ ಮಾತು. ಹಳೆಯ ಯಂತ್ರ ಕೂಡಿಡುವವನಿಗೆ ಬೆಂಗಳೂರಿನಲ್ಲಿ ಧೂಳು ಶತ್ರುವಾದರೆ ನಮಗಿಲ್ಲಿ ಗಾಳಿಯೇ ಶತ್ರು. ಬಂದರ್ ಎಂದರೆ ಅಳಿವೆ ಬಾಗಿಲಿನಿಂದ ಕೂಗಳತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ಶೇ 80 ದಾಟುವುದು ಮಾಮೂಲು, ಅದರಲ್ಲಿ ಉಪ್ಪು ಬೇರೆ. ಉಪ್ಪಿನ ಅಂಶ ತಾಮ್ರದ ಮೇಲೆ ಕೂತು ತೇವ ಹೀರಿಕೊಂಡರೆ ಹಸಿರು ಕಿಲುಬು ಏಳುತ್ತದೆ. ಬಳಸದೆ ಮೂಲೆಗಿಟ್ಟ ತಾಮ್ರದ ಕೊಡಪಾನಕ್ಕೆ ಆಗುವುದೇ ಕ್ಯಾಸೆಟ್ಟಿನ ಪಟ್ಟಿಗಳಿಗೂ ಆಗುತ್ತದೆ. ಅಸಲಿ ಕ್ಯಾಸೆಟ್ಟಿನ ಪಟ್ಟಿಗಳ ಮೇಲೆ ತೆಳ್ಳಗೆ ಚಿನ್ನದ ಲೇಪ ಇರುತ್ತದೆ, ಅದು ಸುಲಭಕ್ಕೆ ಕಿಲುಬು ಹಿಡಿಯದು. ಅಗ್ಗದ ನಕಲಿ ಮಾಡುವವರು ಕೈ ಬಿಗಿ ಹಿಡಿಯುವುದೇ ಆ ಲೇಪದಲ್ಲಿ.

ಈ ಪಾಠ ನನಗೆ ದುಬಾರಿಯಾಯಿತು. ‘ಬ್ಯಾಟಲ್ ಸಿಟಿ’ ಎಂಬ ಟ್ಯಾಂಕಿನ ಆಟ, 1985ರದು, ಬೇರೆ ಯಾವುದೂ ಬೆರೆಯದ ಒಂಟಿ ಕ್ಯಾಸೆಟ್ ನನಗೆ ಸಿಕ್ಕಿತ್ತು. ಸಂಗ್ರಹ ಎಂದರೆ ಜೋಪಾನ ಎಂದುಕೊಂಡು ಅದನ್ನು ಪತ್ರಿಕೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಎರಡು ಮಳೆಗಾಲ ಮುಟ್ಟಲಿಲ್ಲ. ಮೂರನೆಯ ವರ್ಷ ತೆಗೆದರೆ ಪಟ್ಟಿಗಳೆಲ್ಲ ಪಾಚಿಗಟ್ಟಿದ ಬಾವಿಕಟ್ಟೆ. ಉಜ್ಜಿದಾಗ ಕಿಲುಬಿನ ಜತೆ ತಾಮ್ರವೂ ಎದ್ದುಬಂತು. ಕಾಗದ ತೇವವನ್ನು ಹೀರಿ ಹಿಡಿದುಕೊಂಡಿತ್ತು, ಪ್ಲಾಸ್ಟಿಕ್ ಅದನ್ನು ಹೊರಗೆ ಬಿಟ್ಟಿರಲಿಲ್ಲ. ಅದೇ ಹೊತ್ತಿಗೆ ಗುಜರಿಯಿಂದ ತಂದು ತಂಗಿಯ ಮಗನ ಕೈಗೆ ಕೊಟ್ಟಿದ್ದ ಒಂದು ಹರಕು ಕ್ಯಾಸೆಟ್, ಮೇಲಿನ ಚಿಪ್ಪು ಒಡೆದು ರಬ್ಬರ್ ಬ್ಯಾಂಡ್ ಹಾಕಿದ್ದು, ಒಂದೇ ಏಟಿಗೆ ಓಡುತ್ತಿತ್ತು. ಅವನು ಅದನ್ನು ದಿನಕ್ಕೆ ಮೂರು ಸಲ ಹಾಕಿ ತೆಗೆದು ಮಾಡುತ್ತಿದ್ದ.

ಕಾರಣ ಅಲ್ಲೇ ಇದೆ. ಕ್ಯಾಸೆಟ್ ಒಳಗೆ ಹೋಗುವಾಗ ಸ್ಲಾಟಿನ ಸ್ಪ್ರಿಂಗಿನಂಥ ಪಿನ್ನುಗಳು ಪಟ್ಟಿಗಳ ಮೇಲೆ ಉಜ್ಜಿಕೊಂಡು ಜಾರುತ್ತವೆ. ಆ ಉಜ್ಜುವಿಕೆಯಲ್ಲಿ ತೆಳುವಾದ ಕಿಲುಬು ಕೆರೆದು ಹೋಗುತ್ತದೆ. ಹಾಕಿ ತೆಗೆಯುವುದೇ ಅದಕ್ಕೆ ಸ್ನಾನ. ನಾವೆಲ್ಲ ಚಿಕ್ಕಂದಿನಲ್ಲಿ ಕ್ಯಾಸೆಟ್ಟನ್ನು ತೆಗೆದು ಬಾಯಿಂದ ಫೂ ಎಂದು ಊದಿ ಮತ್ತೆ ಹಾಕುತ್ತಿದ್ದೆವಲ್ಲ, ಮೀಸೆಯವನು ಬಂದೇಬಿಡುತ್ತಿದ್ದ. ಬಂದದ್ದು ಊದಿದ್ದಕ್ಕಲ್ಲ, ತೆಗೆದು ಹಾಕಿದ್ದಕ್ಕೆ. ಉಸಿರಿನ ತೇವ ಮತ್ತು ಎಂಜಲು ಕಿಲುಬಿಗೆ ಗೊಬ್ಬರ. ಊದಬೇಡಿ ಎಂದು ನಿಂಟೆಂಡೊ ಕಂಪನಿಯೇ ಹೇಳಿದೆ. ಇಷ್ಟು ವಿವರಿಸಿದ ಮೇಲೂ ಎದುರಿಗಿದ್ದವರು ಕ್ಯಾಸೆಟ್ ಕೈಗೆ ಬಂದ ತಕ್ಷಣ ಊದುತ್ತಾರೆ. ನಾನೂ ಒಮ್ಮೊಮ್ಮೆ ಊದಿಬಿಡುತ್ತೇನೆ. ಅಭ್ಯಾಸ.

ನಿಮ್ಮ ಅಟ್ಟದ ಕ್ಯಾಸೆಟ್ ಬಹಳ ವರ್ಷ ಹಾಗೇ ಬಿದ್ದಿದ್ದರೆ ಸೀದಾ ಯಂತ್ರಕ್ಕೆ ತುರುಕಬೇಡಿ, ಅದರ ಕಿಲುಬು ಯಂತ್ರದ ಪಿನ್ನಿಗೂ ಹಿಡಿಯುತ್ತದೆ. ಶಾಲೆಯ ಮಕ್ಕಳ ಬಿಳಿ ರಬ್ಬರಿನಿಂದ ಪಟ್ಟಿಗಳನ್ನು ಮೆಲ್ಲಗೆ ಒರೆಸಿ, ಆಮೇಲೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐಪಿಎ ಎಂದು ಕೇಳಿದರೆ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕಿವಿಕಡ್ಡಿ ಅದ್ದಿ ಉಜ್ಜಿ. ಹತ್ತಿ ಕಪ್ಪಾಗುವುದು ನಿಲ್ಲುವವರೆಗೆ. ಪೂರ್ತಿ ಆರಿದ ಮೇಲೆ ಹಾಕಿ. ತೆಂಗಿನೆಣ್ಣೆ ಹಚ್ಚಬಹುದೇ ಎಂದು ಒಬ್ಬರು ಕೇಳಿದ್ದರು. ನಮ್ಮ ಜಿಲ್ಲೆಯಲ್ಲಿ ತೆಂಗಿನೆಣ್ಣೆ ಹಚ್ಚದ ಜಾಗ ಇಲ್ಲ, ಇದೊಂದನ್ನು ಬಿಟ್ಟುಬಿಡಿ. ಇಡುವುದಾದರೆ ಗಾಳಿಯಾಡದ ಡಬ್ಬಿಯಲ್ಲಿ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ ಇಡಿ. ಮಳೆಗಾಲದ ನಡುವೆ ಒಂದೆರಡು ಸಲ ತೆಗೆದು ಆಡಿ. ಅಜ್ಜಿ ಹಪ್ಪಳವನ್ನು ಆಗಾಗ ಬಿಸಿಲಿಗೆ ಹಾಕುತ್ತಿದ್ದದ್ದೂ ಇದೇ ತತ್ವಕ್ಕೆ.

ಅಡಾಪ್ಟರಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕೇಬೇಕು. ಜಪಾನಿನ ಫ್ಯಾಮಿಕಾಮ್‌ಗೆ 10 ವೋಲ್ಟ್ ಡಿಸಿ, ಪಿನ್ನಿನ ನಡುವಿನ ತೂತು ನೆಗೆಟಿವ್. ನಕಲಿಗಳಲ್ಲಿ ಹೆಚ್ಚಿನವು 9 ವೋಲ್ಟ್, ನಡುವೆ ಕೆಲವು ಕಡೆ ಪಾಸಿಟಿವ್ ಕೆಲವು ಕಡೆ ನೆಗೆಟಿವ್. ಹಳೆಯ ಅಡಾಪ್ಟರ್ ಕಳೆದುಹೋಗಿದೆ ಎಂದು ಮನೆಯಲ್ಲಿ ಬಿದ್ದಿದ್ದ ಮೋಡೆಮ್‌ನ ಅಡಾಪ್ಟರ್ ಸಿಕ್ಕಿಸಿ ನಾನೇ ಒಂದು ಯಂತ್ರವನ್ನು ಕೊಂದಿದ್ದೇನೆ. ಎರಡು ಸೆಕೆಂಡು, ಒಂದು ಸಣ್ಣ ಟಪ್, ಸುಟ್ಟ ಬೆಲ್ಲದಂಥ ವಾಸನೆ. ಯಂತ್ರದ ತಳದಲ್ಲಿ ಸಣ್ಣ ವೃತ್ತ ಮತ್ತು ಕೂಡಿಸು ಕಳೆ ಚಿಹ್ನೆಗಳ ಚಿತ್ರ ಇರುತ್ತದೆ. ಅದನ್ನು ಅಡಾಪ್ಟರಿನ ಚಿತ್ರದ ಜತೆ ಹೋಲಿಸಿ. ತಿಳಿಯದಿದ್ದರೆ ರೇಡಿಯೋ ರಿಪೇರಿಯವರ ಹತ್ತಿರ ಒಯ್ಯಿರಿ. ಗುಡುಗು ಸಿಡಿಲಿನ ಸಂಜೆ ಆಡುವ ಆಸೆ ಬೇಡ, ಪ್ಲಗ್ ಕಿತ್ತಿಡಿ. ಇದನ್ನು ಈ ಊರಿನವರಿಗೆ ಹೇಳಬೇಕಿಲ್ಲ.

ಇನ್ನು ಬಾತುಕೋಳಿ ಹೊಡೆಯುವ ಆಟದ ಬಂದೂಕು. “ಟಿವಿಯೂ ಹೊಸದು, ಗೇಮೂ ಓಡ್ತದೆ, ಬಾತುಕೋಳಿ ಮಾತ್ರ ಸಾಯುವುದಿಲ್ಲ ಮಾರಾಯ್ರೆ” ಎನ್ನುವುದು ಎರಡನೆಯ ದೊಡ್ಡ ದೂರು. ಸಾಯುವುದೂ ಇಲ್ಲ. ಆ ಬಂದೂಕಿನಿಂದ ಏನೂ ಹೊರಗೆ ಬರುವುದಿಲ್ಲ, ಅದು ಬರೀ ನೋಡುತ್ತದೆ. ಅದರ ಮೂತಿಯೊಳಗೆ ಬೆಳಕು ಗುರುತಿಸುವ ಒಂದು ಕಣ್ಣಿದೆ. ನೀವು ಕುದುರೆ ಎಳೆದ ಕ್ಷಣ ಟಿವಿ ಪರದೆ ಒಂದು ಚಿತ್ರದ ಹೊತ್ತು ಪೂರ್ತಿ ಕಪ್ಪಾಗುತ್ತದೆ, ಮರುಚಿತ್ರದಲ್ಲಿ ಬಾತುಕೋಳಿ ಇದ್ದ ಕಡೆ ಬಿಳಿ ಚೌಕ ಬರುತ್ತದೆ. ಕಣ್ಣು ಮೊದಲು ಕತ್ತಲೆ, ಕೂಡಲೇ ಬೆಳಕು ಕಂಡರೆ ಏಟು ಬಿತ್ತು ಎಂದು ಲೆಕ್ಕ. ಎರಡು ಬಾತುಕೋಳಿ ಇದ್ದರೆ ಒಂದರ ನಂತರ ಒಂದು ಚೌಕ. ಕತ್ತಲೆಯ ಆ ಚಿತ್ರ ಇಟ್ಟದ್ದು ನಮ್ಮಂಥ ಕಳ್ಳರಿಗಾಗಿ, ಬಂದೂಕನ್ನು ಬಲ್ಬಿನ ಕಡೆ ಹಿಡಿದು ಗೆಲ್ಲದಿರಲಿ ಎಂದು. ಇದೆಲ್ಲ ಸೆಕೆಂಡಿನ ಸಣ್ಣ ಚೂರಿನಲ್ಲಿ ನಡೆಯಬೇಕು. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಸಿಗ್ನಲ್ ಬಂದ ಕ್ಷಣವೇ ಬರೆಯುತ್ತದೆ. ಇವತ್ತಿನ ತೆಳು ಟಿವಿ ಚಿತ್ರವನ್ನು ಒಳಗೆ ಸಂಸ್ಕರಿಸಿ ಸ್ವಲ್ಪ ತಡವಾಗಿ ತೋರಿಸುತ್ತದೆ. ಬಂದೂಕಿನ ಕಣ್ಣು ಅಷ್ಟು ಕಾಯುವುದಿಲ್ಲ.

ಹಾಗಾಗಿ ದಪ್ಪ ಬೆನ್ನಿನ ಟಿವಿಯನ್ನೂ ಗುಜರಿಗೆ ಹಾಕಬೇಡಿ ಎಂದು ಹೇಳುತ್ತಾ ಬಂದಿದ್ದೇನೆ, ಮನೆಯವರ ಬೈಗುಳ ಕೇಳುತ್ತಲೇ. ನನ್ನದು 14 ಇಂಚಿನದು. ಅದನ್ನು ಬಂದರ್‌ನ ಗುಜರಿಯ ಹಾಜಿಯವರ ಅಂಗಡಿಯಿಂದ ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. “ಎಂತ ಮಾಸ್ಟ್ರೆ, ಎಲ್ಲರೂ ಇದನ್ನು ಕೊಟ್ಟು ಹೋಗ್ತಾರೆ, ನೀವು ಕೊಂಡು ಹೋಗ್ತೀರಲ್ಲ” ಎಂದು ಅವರು ನಕ್ಕರು. ನಗುತ್ತಲೇ ಹೆಚ್ಚಿಗೆ ಐವತ್ತು ರೂಪಾಯಿ ಹೇಳಿದರು ಅನ್ನಿ. ಆಮೇಲೆ ಹಳೆ ತಂತಿಗಳ ರಾಶಿಯಲ್ಲಿ ಕ್ಯಾಸೆಟ್ ಸಿಕ್ಕಿದರೆ ಪಕ್ಕಕ್ಕೆ ಎತ್ತಿಡುವುದನ್ನು ಕಲಿತರು. ಟಿವಿ ಕೆಟ್ಟರೆ ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಸಾವಿರಗಟ್ಟಲೆ ವೋಲ್ಟ್ ಉಳಿದಿರಬಹುದು.

ಇಷ್ಟೆಲ್ಲ ಯಾಕೆ, ಮೊಬೈಲಿನಲ್ಲೇ ಎಮ್ಯುಲೇಟರ್ ಹಾಕಿದರೆ ಆಯಿತಲ್ಲ ಎನ್ನುತ್ತಾರೆ ಹುಡುಗರು. ಸೆಂಟ್ರಲ್ ಮಾರ್ಕೆಟ್ ಕಡೆ ಹೋದರೆ 620 ಆಟ ಒಳಗೇ ತುಂಬಿಸಿದ ಪುಟ್ಟ ಡಬ್ಬವೂ ಸಿಗುತ್ತದೆ. ನನಗೆ ಅದರ ಮೇಲೆ ಸಿಟ್ಟಿಲ್ಲ. ಮಕ್ಕಳಿಗೆ ಮೊದಲ ಸಲ ತೋರಿಸಲು ಅದೇ ಒಳ್ಳೆಯದು, ಹಾಳಾದರೂ ನೋವಿಲ್ಲ. ಕಾಪಿರೈಟಿನ ಪ್ರಶ್ನೆ ಎತ್ತುವವರು ಎತ್ತಲಿ, ಅದು ನ್ಯಾಯವಾದ ಪ್ರಶ್ನೆಯೇ. ನಮ್ಮ ಇಡೀ ಓಣಿ ನಕಲಿಯ ಮೇಲೆ ಬೆಳೆದದ್ದರಿಂದ ನಾನು ಆ ಪೀಠದಲ್ಲಿ ಕೂರುವ ಹಾಗಿಲ್ಲ. ಒಂದು ವ್ಯತ್ಯಾಸ ಮಾತ್ರ ಕಂಡಿದ್ದೇನೆ. 620 ಆಟ ಕೈಯಲ್ಲಿದ್ದಾಗ ತಂಗಿಯ ಮಗ ಯಾವುದನ್ನೂ ಐದು ನಿಮಿಷಕ್ಕಿಂತ ಹೆಚ್ಚು ಆಡಲಿಲ್ಲ. ಒಂದೇ ಆಟದ ರಬ್ಬರ್ ಬ್ಯಾಂಡ್ ಕ್ಯಾಸೆಟ್ ಕೊಟ್ಟ ಮೇಲೆ ಅದರ ಮೊದಲ ಕೋಟೆ ದಾಟಲು ಒಂದು ವಾರ ಹಿಡಿಯಿತು, ದಾಟಿದ ದಿನ ಓಣಿಗೆಲ್ಲ ಕೇಳುವಂತೆ ಕಿರುಚಿದ.

ನಾವೂ ಹಾಗೆ ಒಂದೇ ಆಟಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ ‘ಕಾಂಟ್ರಾ’ ಎಂಬ ಆಟದಲ್ಲಿ ಮೂವತ್ತು ಜೀವ ಸಿಗುವ ಗುಟ್ಟು ಬಾಯಿಂದ ಬಾಯಿಗೆ ಬಂದದ್ದು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಕೊನಾಮಿ ಕಂಪನಿಯ ಕಝುಹಿಸ ಹಶಿಮೊತೊ ಎಂಬವರು 1986ರಲ್ಲಿ ‘ಗ್ರಾಡಿಯಸ್’ ಎಂಬ ಆಟವನ್ನು ಫ್ಯಾಮಿಕಾಮ್‌ಗೆ ಇಳಿಸುವಾಗ, ಪರೀಕ್ಷೆ ಮಾಡಲು ಆಟ ತನಗೇ ಕಷ್ಟವಾಯಿತೆಂದು ಇಟ್ಟುಕೊಂಡ ಅಡ್ಡದಾರಿ ಅದು. ತೆಗೆಯಲು ಮರೆತುಹೋಯಿತು, ಆಮೇಲಿನ ಆಟಗಳಿಗೂ ಬಂತು. ಹಶಿಮೊತೊ 2020ರಲ್ಲಿ ತೀರಿಕೊಂಡರು. ಅವರ ಹೆಸರು ಗೊತ್ತಿಲ್ಲದೆಯೇ ಬಂದರ್‌ನ ಮಕ್ಕಳು ಅವರ ಹತ್ತು ಗುಂಡಿಯ ಮಂತ್ರವನ್ನು ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿದ್ದರು. ನಮಗೆ ಅದನ್ನು ಕಲಿಸಿದ್ದು ಗಂಟೆ ಲೆಕ್ಕದಲ್ಲಿ ವಿಡಿಯೋ ಗೇಮ್ ಆಡಿಸುತ್ತಿದ್ದ ಅಂಗಡಿಯ ಹುಡುಗ. ಕಲಿಸುವುದಕ್ಕೆ ಎರಡು ಗೋಳಿಬಜೆ ಲಂಚ.

ಬೆಲೆ ಕೇಳಿದವರಿಗೆ ಕೊನೆಯದಾಗಿ ಒಂದು ಮಾತು. ನಾನು ಬಹಳ ದಿನದಿಂದ ‘ಸರ್ಕಸ್ ಚಾರ್ಲಿ’ಯ ಒಂಟಿ ಕ್ಯಾಸೆಟ್ ಹುಡುಕುತ್ತಿದ್ದೇನೆ. ಸಿಂಹದ ಬೆನ್ನ ಮೇಲೆ ಕೂತು ಬೆಂಕಿಯ ಬಳೆಯೊಳಗೆ ಹಾರುವ ಕೋಡಂಗಿಯ ಆಟ, 60 ಪಿನ್ನಿನದು, ಬೇರೆ ಆಟ ಬೆರೆಯದ್ದು. ನಿಮ್ಮ ಅಟ್ಟದಲ್ಲಿ ಅದಿದ್ದರೆ ನನಗೆ ಕೊಡುವ ಮೊದಲು ರಬ್ಬರಿನಲ್ಲಿ ಒರೆಸಿ ಯಂತ್ರಕ್ಕೆ ಹಾಕಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಭಾನುವಾರ ಆಡಿ ನೋಡಿ. ಓಡಿದರೆ ನಿಮ್ಮ ಹತ್ತಿರವೇ ಇರಲಿ. ಓಡದಿದ್ದರೆ ಹೇಳಿ, ಐಪಿಎ ಬಾಟಲಿ ಹಿಡಿದುಕೊಂಡು ನಾನೇ ಬರುತ್ತೇನೆ.